ಎರಡು ಬೆರಳಿನ ಪಾಲು

ಬಾಗಿಲಿನ ಚಿಲಕ ಮಾಡುವ ಆ ಕಂಪನಿಗೆ ಒಡೆಯರು ಮೂರೇ ಜನ. ಅಣ್ಣನದು ನಲವತ್ತೊಂಬತ್ತು ಷೇರು, ತಂಗಿಯದೂ ಅಷ್ಟೇ. ಉಳಿದೆರಡು ಪ್ರೆಸ್ಸಜ್ಜನವು. ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಅವನ ಎರಡು ಬೆರಳು ಹೋದಾಗ, ಬೆರಳಿಗೊಂದರಂತೆ ಅಪ್ಪ ಕೊಟ್ಟಿದ್ದ. ಮತ ಸಮ ಬಂದರೆ ಅಧ್ಯಕ್ಷನದೇ ಕೊನೆಯ ಮಾತು ಎಂದೂ ಬರೆಸಿಟ್ಟು ಹೋಗಿದ್ದ. ಅಧ್ಯಕ್ಷ ಅಣ್ಣ.

ಆ ಅಣ್ಣನಿಗೆ ಈಗ ಕಾರ್ಖಾನೆ ಮಾರಿ ಕೈತೊಳೆದುಕೊಳ್ಳುವ ಆತುರ. ಇಪ್ಪತ್ತು ವರ್ಷ ಅದಕ್ಕಾಗಿ ಜೀವ ತೇಯ್ದ ತಂಗಿಗೆ ಹೊಟ್ಟೆಯಲ್ಲಿ ಬೆಂಕಿ. ಆದರೂ ಒಂದು ಧೈರ್ಯ: ಪ್ರೆಸ್ಸಜ್ಜ ತನ್ನವನು. ಅಯ್ಯೋ, ಅವನನ್ನು ಕೇಳುವುದೇನು ಬಂತು! ಕೇಳಬೇಕಿತ್ತು, ಮಹರಾಯ್ತಿ ಕೇಳಲಿಲ್ಲ.

ಅಜ್ಜ ಎಣ್ಣೆಗೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತ. "ಈ ರೂಮಿನ ಸಭೆಗೆ ಇದೇ ಮೊದಲು ಬರ್ತಿರೋದು, ಪುಟ್ಟಮ್ಮ," ಎಂದು ನಕ್ಕ.

ಅಣ್ಣ ನಡಾವಳಿ ಪುಸ್ತಕ ತಳ್ಳಿದ. "ಮೊದ್ಲು ರುಜು ಹಾಕಜ್ಜ. ಮೂವರೂ ಹಾಜರಿದ್ರೇನೇ ಸಭೆ."

ಒಂದು ಗಂಟೆ ಪ್ರೆಸ್ ನಿಲ್ಲುವುದು ಬೇಡವೆಂದು ಪ್ರತಿ ವರ್ಷ ಅಜ್ಜನ ರುಜುವನ್ನು ತಂಗಿಯೇ ಗೀಚುತ್ತಿದ್ದಳು. ಅಣ್ಣನೂ ಕಂಡೂ ಕಾಣದಂತಿದ್ದ.

ಅಜ್ಜ ಕನ್ನಡಕ ಏರಿಸಿ ಹಿಂದಿನ ಪುಟ ತಿರುವಿದ.

"ಅದೆಲ್ಲ ಹಳೇದು, ಬಿಡಜ್ಜ." ಅವಳು ಪುಸ್ತಕಕ್ಕೆ ಕೈಚಾಚಿದಳು. ಅವನು ಕೊಡಲಿಲ್ಲ.

"'ಪ್ರೆಸ್ಸಿಗೆ ರಕ್ಷಣೆಯ ಜಾಲರಿ ಈ ವರ್ಷ ಬೇಡ. ಮೂವರದೂ ಒಪ್ಪಿಗೆ.'" ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಕೆಳಗೆ ನನ್ನ ರುಜು! ಜಾಲರಿ ಹಾಕ್ಸು ಅಂತ ನಿನ್ನ ಬಾಗಿಲಲ್ಲಿ ನಿಂತು ಬಾಯಿ ಬಡ್ಕೊಂಡಿದ್ದು ಯಾರು ಹಾಗಾದ್ರೆ?"

"ಆ ವರ್ಷ ಆರ್ಡರ್ ತುಂಬ ಇತ್ತಜ್ಜ. ಜಾಲರಿ ಹಾಕಿದ್ರೆ ಕೆಲಸ ನಿಧಾನ ಆಗ್ತಿತ್ತು..."

"ಆಮೇಲೆ ಮೂರೇ ತಿಂಗಳು. ಅದೇ ಪ್ರೆಸ್ಸಿಗೆ ಸಿಕ್ಕಿ ನನ್ನ ತಮ್ಮನ ಮಗಳ ಬೆರಳು ಹೋಯ್ತು. ಅದಕ್ಕೆ ನಾನೇ ಒಪ್ಪಿದ್ದೆ ಅಂತಾಯ್ತು."

ಅವನ ದನಿ ಏರಲಿಲ್ಲ. ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಣ್ಣ ಕೆಮ್ಮಿದ. "ಮಾರೋದು ಬೇಡ ಅನ್ನೋರು ಕೈ ಎತ್ತಿ."

ಅವಳು ಎತ್ತಿದಳು. ಅಜ್ಜನ ಮೂರು ಬೆರಳಿನ ಕೈ ಮೇಜಿನ ಮೇಲೆ ಹಾಗೇ ಇತ್ತು.

"ಅಜ್ಜಾ, ಕಾರ್ಖಾನೆ ಹೋದ್ರೆ ನಿನ್ನ ಕೆಲಸಾನೂ ಹೋಗುತ್ತೆ!"

"ಗೊತ್ತು." ಅವನು ಎದ್ದ. "ನಾನು ಯಾರ ಕಡೆಗೂ ಕೈ ಎತ್ತೋಲ್ಲ. ಇಷ್ಟು ವರ್ಷ ನನ್ನ ಬದಲು ನೀವೇ ಎಲ್ಲ ಮಾಡಿದ್ರಲ್ಲ ಮೇಡಂ, ಇದನ್ನೂ ಮಾಡ್ಕೊಳ್ಳಿ."

ಹುಟ್ಟಿದಾಗಿನಿಂದ ಪುಟ್ಟಮ್ಮ ಎಂದು ಕರೆದ ಬಾಯಿ ಅದು. ಅವಳು ಎತ್ತಿದ ಕೈ ಇಳಿಸುವುದನ್ನೇ ಮರೆತಳು.

ಅಣ್ಣ ಪೆನ್ನಿನ ಮುಚ್ಚಳ ತೆಗೆದ. "ಸಮ ಬಂತು," ಎಂದ.