ಹಿತ್ತಲಿನಿಂದ ಅಗೆದ ಮಾಸು

1956ರಲ್ಲಿ ಗುಂಡ್ಲುಪೇಟೆ, ಕುದೇರು ಕಡೆಯ ನಮ್ಮಂಥ ಏಳು ಮಂದಿ ಸೂಲಗಿತ್ತಿಯರನ್ನು ಚಾಮರಾಜನಗರಕ್ಕೆ ಕರೆಸಿ ಸರ್ಕಾರ ಹೆರಿಗೆ ಕಲಿಸಿತು. ನನ್ನ ಕೈಯಲ್ಲಿ ಆಗಲೇ ಇನ್ನೂರು ಕೂಸು ಹುಟ್ಟಿದ್ದವು. ಕಲಿಸಲು ಬಂದ ಡಾಕ್ಟರ ಕೈಯಲ್ಲಿ ಎಷ್ಟು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೂಸಿನ ಹಿಂದೆಯೇ ಬೀಳುವ ಮಾಸಿನಂತೆ ಕೆಂಪು ಬಟ್ಟೆಯಲ್ಲಿ ಹೊಲಿದದ್ದೊಂದನ್ನು ತಟ್ಟೆಯಲ್ಲಿ ಹರಡಿ, ಅದನ್ನೂ ಮುಟ್ಟದೆ ಕೋಲಿನಲ್ಲಿ ತೋರಿಸಿದರು.

"ಹೆರಿಗೆಯಾದ ಮೇಲೆ ಮಾಸನ್ನು ತೊಳೆದು ನೋಡಿ. ಚೂರು ಕಡಿಮೆಯಿದ್ದರೆ ಅದು ಒಳಗೇ ಉಳಿದಿದೆ ಎಂದರ್ಥ. ರಕ್ತ ನಿಲ್ಲದೆ ತಾಯಿ ಸಾಯುತ್ತಾಳೆ."

"ನಮ್ ಕಡೆ ಬಿದ್ದೇಟ್ಗೆ ಇತ್ಲಲ್ಲಿ ಊತು ಕಲ್ಲು ಮಡಗ್ಬುಡ್ತಾರೆ ಸ್ವಾಮಿ" ಎಂದೆ.

"ಅದು ಪಾಠದಲ್ಲಿಲ್ಲ" ಎಂದರು. ಇಲ್ಲದ್ದನ್ನು ಕೇಳಿದ್ದು ನನ್ನದೇ ತಪ್ಪು.

ಮರುತಿಂಗಳು ನಮ್ಮೂರು ಕುದೇರಿನ ಮುದ್ದಯ್ಯ ಓಡಿ ಬಂದ. ಬೆಳಗ್ಗೆ ಹೆತ್ತ ಅವನ ಹೆಂಡತಿ ಪುಟ್ಟಮಾದಮ್ಮನಿಗೆ ಮಧ್ಯಾಹ್ನವಾದರೂ ರಕ್ತ ನಿಂತಿರಲಿಲ್ಲ. ಹೆರಿಗೆ ಮಾಡಿಸಿದ್ದು ಅತ್ತೆ ಚಿಕ್ಕನಿಂಗಮ್ಮ. ಆಕೆಗೆ ಯಾವ ತರಬೇತಿಯೂ ಬೇಕಿರಲಿಲ್ಲ.

"ಮಾಸೆಲ್ಲಿ?" ಎಂದೆ, ಅವರ ಮನೆ ಹೊಕ್ಕವಳೇ.

"ಆಗ್ಲೇ ಊತ್ಬುಟ್ಟೊ ಕಣೇ ಮರಿತಾಯಮ್ಮ. ಅಗುದ್ರೆ ಕೂಸ್ಗೆ ಕೇಡು. ಅಗಿಯಾಕೆ ನೀನೇನು ನಾಯಾ?" ಎಂದಳು ಚಿಕ್ಕನಿಂಗಮ್ಮ.

"ನಾಯೇ ಅಂದ್ಕೊ. ಸರ್ಕಾರ ಟ್ರೈನಿಂಗ್ ಕೊಟ್ಟಿರೋ ನಾಯಿ."

ಕಲ್ಲು ತಳ್ಳಿ ಅಗೆದೆ. ತೊಳೆದು ತಟ್ಟೆಯಲ್ಲಿ ಹರಡಿದೆ. ಒಂದು ಅಂಚಿನಲ್ಲಿ ನೆಲ್ಲಿಕಾಯಿ ಗಾತ್ರದ ಚೂರು ಇರಲಿಲ್ಲ. ತಟ್ಟೆಗೆ ಬಟ್ಟೆ ಮುಚ್ಚಿ, ಮುದ್ದಯ್ಯನಿಗೆ ಗಾಡಿ ಕಟ್ಟಲು ಹೇಳಿದೆ; ಚಿಕ್ಕನಿಂಗಮ್ಮನೂ ಗಾಡಿ ಹತ್ತಿದಳು.

ಗಾಡಿಯಲ್ಲಿ ದಾರಿಯುದ್ದಕ್ಕೂ ಪುಟ್ಟಮಾದಮ್ಮನ ಹೊಟ್ಟೆ ನೀವುತ್ತಲೇ ಚಾಮರಾಜನಗರ ಸೇರಿದೆ. ಡಾಕ್ಟರು ಹೊಸ ತಂಡಕ್ಕೆ ಅದೇ ಬಟ್ಟೆಯ ಮಾಸು ತೋರಿಸುತ್ತಿದ್ದರು.

"ಬಾಣಂತಿಗೆ ಸ್ವಲ್ಪ ರಕ್ತ ಹೋಗುವುದು ಸಹಜ. ನಾಳೆ ನೋಡೋಣ."

ಮೈಯೆಲ್ಲ ಉರಿದುಹೋಯಿತು. ನನ್ನ ತಟ್ಟೆಯನ್ನು ಅವರ ತಟ್ಟೆಯ ಪಕ್ಕದಲ್ಲೇ ಇಟ್ಟು ಬಟ್ಟೆ ತೆಗೆದೆ. ಅವರು ಮೂಗಿಗೆ ಕರವಸ್ತ್ರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು.

"ಕೋಲು ತಕ್ಕೊಂಡು ತೋರ್ಸಿ ಸ್ವಾಮಿ. ಇಲ್ಲಿರ್ಬೇಕಾದ ಚೂರು ಎಲ್ಲದೆ?"

ಅವರು ತಟ್ಟೆ ನೋಡಿದರು, ಗಾಡಿ ನೋಡಿದರು. ಆಮೇಲೆ ಕೋಟು ಬಿಚ್ಚಿ ಕೈ ತೊಳೆಯಲು ಓಡಿದರು.

ಒಂದು ಗಂಟೆಯಲ್ಲಿ ಚೂರು ಹೊರಬಂತು, ರಕ್ತ ನಿಂತಿತು. ಪುಟ್ಟಮಾದಮ್ಮ ನೀರು ಕೇಳಿದಾಗ ನಾನು ಗೋಡೆಗೊರಗಿ ಅತ್ತುಬಿಟ್ಟೆ. ಚಿಕ್ಕನಿಂಗಮ್ಮ ಮಾತ್ರ ಮಾಸಿನ ತಟ್ಟೆ ಹಿಡಿದು ಡಾಕ್ಟರ ಮುಂದೆ ನಿಂತಳು.

"ಆ ಚೂರೂ ಕೊಡಿ ಸ್ವಾಮಿ. ಅರ್ಧಂಬರ್ಧ ಊತ್ರೆ ಕೂಸ್ಗೆ ಕೇಡು."

ಡಾಕ್ಟರು ಕೋಲು ಹುಡುಕಲಿಲ್ಲ. ಚೂರನ್ನು ತಮ್ಮ ಕೈಯಿಂದಲೇ ಅಂಚಿಗೆ ಹೊಂದಿಸಿಟ್ಟರು. ಚಿಕ್ಕನಿಂಗಮ್ಮ ಬಗ್ಗಿ, ಬೆರಳಿನಿಂದ ಸುತ್ತಲೂ ಸವರಿ ನೋಡಿದ ಮೇಲೆಯೇ ತಟ್ಟೆ ಮುಚ್ಚಿದಳು.