ಅಂಚಿನಲ್ಲಿ ಕೆಂಪು ಬಟ್ಟೆ

ಒಂದೂರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳಂತೆ. ಅವಳಿಗೊಬ್ಬಳು ಮಗಳು. ಊರಿನೆದುರು ಗೋಡೆ ಕಟ್ಟಿದ ಹಾಗೆ ಒಂದು ಬೆಟ್ಟ. "ಹಿಂದಿನ ಹುಲ್ಲುಹಾದೀಲಿ ಹತ್ತಿ, ಗೋಡೆಯ ನೆತ್ತಿಯಿಂದ ಕೆಂಪು ಬಟ್ಟೆ ಬೀಸ್ತೀನಿ, ನೋಡ್ತಿರು" ಎಂದು ಮಗಳು ಮಾತು ಕೊಟ್ಟು ಹೋದಳಂತೆ. ಬಟ್ಟೆ ಕಂಡೊಡನೆ ಬಿಸಿಲು ಹೊಳೆಸಿ ಉತ್ತರ ಕೊಡೋಣವೆಂದು ತಾಯಿ ಅಂಗಡಿಯ ನಿಲುವುಗನ್ನಡಿಯನ್ನು ಬೀದಿಗೆ ತಂದು ಕಾದಳಂತೆ. ಸಂಜೆಯಾಯಿತು. ಬಟ್ಟೆ ಕಾಣಲೇ ಇಲ್ಲ.

ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು.

"ರಾಕ್ಷಸ ಹಿಡಿದನಾ ಅಜ್ಜಿ?"

"ಅಣ್ಣ ಹಿಡಿದ."

ಆ ಮಗಳು ಅಜ್ಜಿಯೇ ಎಂದು ತಿಳಿಯುವಷ್ಟರಲ್ಲಿ ನನಗೆ ಹದಿನೈದಾಗಿತ್ತು. "ಉಳಿದಿದ್ದನ್ನ ನಾನು ಮುಗಿಸ್ತೀನಿ" ಎಂದು ಅವತ್ತೇ ಮಾತು ಕೊಟ್ಟೆ. ಕೊಟ್ಟು, ಏಳು ವರ್ಷ ಕನಸು ಕಾಣುತ್ತಾ ಕೂತೆ. ಈ ವರ್ಷ ಅವಳ ಕಣ್ಣಿಗೆ ಮಂಜು ಕವಿಯಿತು. ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ ಎಂದರು ಡಾಕ್ಟರು.

"ಕೆಂಪು ಇನ್ನೂ ಕಾಣುತ್ತೆ ಕಣೇ. ಭಾನುವಾರ ಹತ್ತು ಗಂಟೆಗೆ ಕನ್ನಡಿ ಹೊರಗಿಡ್ತೀನಿ" ಎಂದಳು ಅಜ್ಜಿ.

ನಮ್ಮ ಹೊಲಿಗೆ ಅಂಗಡಿಯ ಕೆಂಪು ಚಿಂದಿಗಳನ್ನೆಲ್ಲ ಕೂಡಿಸಿ ಮಂಚದಗಲ ಹೊಲಿದು, ಸೊಂಟಕ್ಕೆ ಸುತ್ತಿಕೊಂಡೆ. ಬೆಟ್ಟಕ್ಕೆ ಜನರನ್ನು ಕರೆದೊಯ್ಯುವುದು ಚಿಕ್ಕಪ್ಪನ ಕಸುಬು. ಅವನ ಗುಂಪಿನ ಜೊತೆ ಹತ್ತಿದೆ.

ಮೇಲೆ ಮೊಣಕಾಲುದ್ದ ಹುಲ್ಲು. ಗಾಳಿ ಬಂದಾಗೆಲ್ಲ ಇಡೀ ಬೆಟ್ಟ ಬೆಕ್ಕಿನ ಬೆನ್ನಿನಂತೆ ನಿಮಿರುತ್ತಿತ್ತು. ಎಡಕ್ಕೆ ಇಳಿಜಾರು, ಬಲಕ್ಕೆ ಹುಲ್ಲು ಥಟ್ಟನೆ ಮುಗಿದು ಬರೀ ಆಕಾಶ. ಚಪ್ಪಟೆ ಬಂಡೆಯ ಬಳಿ ಚಿಕ್ಕಪ್ಪ ಕೋಲು ಅಡ್ಡ ಹಿಡಿದ.

"ಹೆಣ್ಮಕ್ಕಳಿಗೆ ಇಲ್ಲಿಗೇ ಸಾಕು. ಮುಂದೆ ಗಾಳಿ."

"ಕ್ಷೌರದಂಗಡಿಯವನು ಹೋಗ್ತಿದಾನಲ್ಲ, ಕಡ್ಡಿ ಥರ ಇದಾನೆ! ಗಾಳಿಗೆ ಗಂಡು ಹೆಣ್ಣು ಗೊತ್ತಾಗುತ್ತಾ?"

"ಕಥೆ ಕೇಳಿ ಕೇಳಿ ತಲೆ ಕೆಟ್ಟಿದೆ ನಿಂಗೆ. ತಿರುಗು."

"ನಿನ್ನ ಸೋದರಮಾವನೂ ಇದೇ ಬಂಡೆ ಹತ್ರ ನಿಮ್ಮಮ್ಮಂಗೆ ಇದನ್ನೇ ಹೇಳಿದ್ದು. ಅವಳು ತಿರುಗಿದಳು. ನಾನು ತಿರುಗಲ್ಲ."

"ಬಿದ್ರೆ?"

"ಬಿದ್ರೆ ನಿನಗಿಂತ ಮೊದಲು ಊರು ಸೇರ್ತೀನಿ."

ಕೋಲಿನ ಕೆಳಗೆ ನುಸುಳಿ ಹೊರಟೆ. ಹಿಂದಿನಿಂದ ಏನೋ ಕೂಗಿದ, ಕೇಳಿಸಿತು, ಕೇಳಿಸಿಕೊಳ್ಳಲಿಲ್ಲ. ಕೊನೆಯ ಹತ್ತು ಮಾರು ಹೊಟ್ಟೆಯ ಮೇಲೆ ತೆವಳಿದೆ. ಧೈರ್ಯ ಬೇರೆ, ಹುಚ್ಚು ಬೇರೆ. ಅಂಚಿನಾಚೆ ತಲೆ ಚಾಚಿದರೆ, ಕೆಳಗೆ ಊರು ಚೆಲ್ಲಿದ ಬಟನ್ನುಗಳಂತೆ ಬಿದ್ದಿತ್ತು. ಸೊಂಟದ ಕೆಂಪು ಬಟ್ಟೆ ಬಿಚ್ಚಿದೆ. ಗಾಳಿ ಒಂದು ತುದಿಯನ್ನು ಕಿತ್ತುಕೊಂಡಿತು. ಅಷ್ಟರಲ್ಲಿ ಯಾರೋ ನನ್ನ ಕಾಲು ಹಿಡಿದರು.

"ಎಳೆದರೆ ಒದೀತೀನಿ, ಚಿಕ್ಕಪ್ಪ!"

"ಎಳೆಯಲ್ಲ ಮಾರಾಯ್ತಿ, ಹಿಡ್ಕೊಂಡಿದೀನಿ." ಅವನು ಹುಲ್ಲಿನಲ್ಲಿ ಹಿಂದಕ್ಕೆ ವಾಲಿ ಕೂತು, ಹಿಮ್ಮಡಿಯನ್ನು ಕಲ್ಲಿಗೆ ಒತ್ತಿದ್ದ. "ಬೇಗ ಬೀಸು. ಅಮ್ಮ ಬಿಸಿಲಲ್ಲಿ ನಿಂತಿರ್ತಾಳೆ."

ಬೀಸಿದೆ. ತೋಳು ಸೋತರೂ ಬೀಸಿದೆ. ಊರು ಸುಮ್ಮನಿತ್ತು. "ಅಜ್ಜೀ, ಕೆಂಪು! ಕೆಂಪು ನೋಡೇ!" ಎಂದು ಕೇಳದಷ್ಟು ದೂರಕ್ಕೆ ಕಿರುಚಿದೆ.

ಬಟನ್ನುಗಳ ನಡುವೆ ಒಂದು ಫಳ್ ಎಂದಿತು. ಆರಿತು. ಮತ್ತೆ ಫಳ್.