ಹೆಸರು ಕೇಳುವ ಬಾವಿ

ಕಿವಿ ಮುಚ್ಚಿ ಬಿಗಿದ ಬಟ್ಟೆಯೊಳಗೆ ಎಲ್ಲ ಸದ್ದೂ ನೀರಿನಡಿಯಿಂದ ಎದ್ದು ಬಂದಂತಿವೆ, ಮುಂದೆ ನಡೆಯುತ್ತಿರುವ ಅವ್ವನ ಕಾಲುಂಗುರ, ಯಾರದೋ ಹಿತ್ತಲ ಕೋಳಿ, ಊರಾಚೆ ಟ್ರ್ಯಾಕ್ಟರಿನ ಹಾಡು, ಎಲ್ಲವೂ ದುಂಡಗೆ, ಮೆತ್ತಗೆ, ಗುಳ್ಳೆಯಾಗಿ ಬಂದು ಸುಮಲತಾಳ ಕೆನ್ನೆಗೆ ತಾಗಿ ಒಡೆಯುತ್ತಿವೆ, ಬಾಣಂತಿ ಅಂದ್ರ ಅರ್ಧ ಮನ್ಯಾಗ ಅರ್ಧ ನೀರಾಗ ಇದ್ದಂಗ ಎಂದಿದ್ದಳು ಅಜ್ಜಿ, ಯಾರ ಬಾಣಂತನದಲ್ಲಿ ಎಂದಿದ್ದಳೋ, ಆಗ ಸುಮಲತಾ ಪರಕಾರ ಉಡುವ ಪುಟ್ಟ ಹುಡುಗಿ, ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ಕೂತು ಲೋಬಾನದ ಹೊಗೆಯಲ್ಲಿ ಕುದುರೆ ಹುಡುಕುತ್ತಿದ್ದವಳು, ಈಗ ಆ ಹೊಗೆ ತನ್ನದೇ ಕೂದಲಲ್ಲಿದೆ, ತೋಳಿನಲ್ಲಿ ಕೂಸು ಬೆಚ್ಚಗಿದೆ, ಮೂಗು ತಂಬ್ರಹಳ್ಳಿಯದು, ಅದರ ಅಪ್ಪನದು, ಹಣೆ ಮಾತ್ರ ಥೇಟ್ ಮರುಳಸಿದ್ದಮ್ಮನದು ಎನ್ನುತ್ತಾರೆ ನೋಡಿದವರೆಲ್ಲ — ಮರುಳಸಿದ್ದಮ್ಮ, ಅಜ್ಜಿ, ಉಜ್ಜಿನಿಯಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದವಳು, ತವರಿಂದ ಕಥಿ ಬಿಟ್ಟು ಇನ್ನೇನೂ ತರಲಿಲ್ಲ ಈಕಿ ಎಂದು ಅಜ್ಜ ಚೇಷ್ಟೆ ಮಾಡುತ್ತಿದ್ದನಂತೆ, ಅಜ್ಜಿ ಹೋಗಿ ಮೂರು ವರ್ಷವಾಯಿತು, ಕಥೆ ಹೋಗಿಲ್ಲ, ಇಗೋ ಈ ಓಣಿ ತಿರುಗಿದರೆ ಬಾವಿ, ಬಾವಿಯ ತಳದಲ್ಲಿ ಒಬ್ಬಳಿದ್ದಾಳೆ, ಏಳು ಮಂದಿ ಅಕ್ಕತಂಗಿಯರಲ್ಲಿ ಕಿರಿಯವಳು, ಆರು ಮಂದಿ ಮಿಂದು ಸೀರೆಯುಟ್ಟು ಮೋಡ ಹತ್ತಿ ಹೋದರು, ಇವಳು ಇನ್ನೂ ಒಂದು ಮುಳುಗು ಇನ್ನೂ ಒಂದು ಮುಳುಗು ಎಂದು ಒಳಗೇ ಉಳಿದಳು, ಕರೆದದ್ದು ಕೇಳಿಸಲಿಲ್ಲ, ಅಂದಿನಿಂದ ಮೇಲೆ ಯಾರ ನೆರಳು ಬಿದ್ದರೂ ಅಕ್ಕನೇ ಬಂದಳೇನೋ ಎಂದು ಯಾರವ್ವಾ ಎಂದು ಕೇಳುತ್ತಾಳೆ, ಕೊಡ ಇಳಿಸುವ ಮೊದಲು ಬಗ್ಗಿ ಹೆಸರು ಹೇಳಬೇಕು, ನಾನವ್ವ, ಮರುಳಸಿದ್ದಿ, ಆಗ ಅವಳು ಕೊಡದ ಕಂಠ ಹಿಡಿದು ಬಗ್ಗಿಸಿ ತುಂಬಿ ಕಳಿಸುತ್ತಾಳೆ, ಅದೇ ಆ ಗುಳುಗುಳು, ಅಜ್ಜಿ, ಆಕಿ ಕೇಳಲಿಲ್ಲ ಅಂದ್ರ? ಕೇಳಲಿಲ್ಲ ಅಂದ್ರ ಹಗ್ಗ ಸುತ್ತಿಗೊಂಡು ಮನಿಗೆ ಬಾ, ಆಕಿಗೆ ಮೈಯಾಗ ಹುಷಾರಿಲ್ಲ ಅಂತ ತಿಳ್ಕೋ. ಈ ಬಾವಿಯ ಮೊದಲ ಹನಿಯನ್ನು ಸುಮಲತಾಳ ನಾಲಿಗೆಗೆ ಬಿಟ್ಟವಳೂ ಅಜ್ಜಿಯೇ, ಗಂಗಿಪೂಜೆಯ ದಿನ, ಬಾಣಂತಿ ಕೂಸಿನೊಂದಿಗೆ ಮೊದಲ ಸಲ ಬಾವಿಗೆ ಬರುವ ದಿನ, ವೀಳ್ಯದೆಲೆಯ ತುದಿಯಿಂದ, ಎಷ್ಟು ಸಲ ಹೇಳಿದ್ದಳು ಅದನ್ನು, ಹನಿ ಬೀಳವಲ್ದು, ಎಲಿ ತುದಿಗೆ ತೂಗತೈತಿ, ತೂಗತೈತಿ, ನೀನು ಆಡಿನ ಮರಿ ಹಂಗ ನಾಲಿಗಿ ಚಾಚಿದಿ ನೋಡು, ಓಣಿಗೆ ಓಣಿನ ನಕ್ಕಿತು — ತೂಗುವ ಆ ಹನಿಯನ್ನು ತಾನೇ ಕಂಡಂತೆ ನೆನಪು ಅವಳಿಗೆ, ಕೆಳಗಿನಿಂದ, ಹಸಿರೆಲೆಯ ತುದಿ, ಅದರಲ್ಲಿ ದುಂಡಗೆ ಆಕಾಶ.

ಆಮೇಲೆ ನಳ ಬಂತು, ಬಾವಿಗೆ ಮೋಟರು ಇಳಿಸಿದರು, ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿದರು, ನೀರು ಮೇಲಿನ ಟ್ಯಾಂಕಿಗೆ ಹತ್ತಿ ಮನೆಮನೆಗೆ ಇಳಿಯಿತು, ಬಗ್ಗಿ ಹೆಸರು ಹೇಳುವವರು ಯಾರೂ ಉಳಿಯಲಿಲ್ಲ, ಕೇಳಿ ಕೇಳಿ ಸುಮ್ಮನಾಗಿರಬೇಕು ಆಕಿ ಎಂದು ಅಜ್ಜಿ ನಳದ ಕೆಳಗೆ ಕೊಡವಿಟ್ಟು ನಳದ ಬಾಯಿಗೇ ಪಿಸುಗುಡುತ್ತಿದ್ದಳು, ನಾನವ್ವ, ನೀರು ಬಿಡುವ ನಾಗೇಂದ್ರಪ್ಪ ಸೈಕಲ್ಲಿನ ಮೇಲೆ ಹೋಗುತ್ತ ನಗುತ್ತಿದ್ದ, ಏನವ್ವ, ಪೈಪಿನಾಗ ಯಾರ ಅದಾರ? ನಿಮ್ಮತ್ತಿ ಅದಾಳ, ಮಾತಾಡಸ್ತಿಯೇನು? — ನಗು, ಸೈಕಲ್ಲಿನ ಗಂಟೆ, ಮೂರು ವರ್ಷದ ಹಿಂದಿನ ಮಳೆಗಾಲ ಸಿಮೆಂಟು ರಸ್ತೆಗೆಂದು ಬಾವಿಯ ಬೆನ್ನಿಗೆ ಚರಂಡಿ ಅಗೆದು ಹಾಗೇ ಬಿಟ್ಟು ಹೋದರು, ದೊಡ್ಡ ಮಳೆ ಬಂತು, ಚರಂಡಿ ಬಾವಿಯೊಳಗೆ ಒಡೆದುಕೊಂಡಿತು, ಊರು ಮಲಗಿತ್ತು, ಬೆಳಿಗ್ಗೆ ನಳದಲ್ಲಿ ಬಂದ ನೀರಿಗೆ ಏನೋ ವಾಸನೆ, ಹೆಂಗಸರು ಕೊಡ ಮೂಸಿ ನೋಡಿದರು, ಬ್ಲೀಚಿಂಗ್ ಪೌಡರ್ ಹಾಕ್ಯಾರ, ಅದಕ್ಕ, ಚಲೋ ಆತು ಬಿಡವ್ವ, ಇಷ್ಟು ದಿನಕ್ಕ ಪಂಚಾಯ್ತಿಯವರಿಗೆ ಬುದ್ಧಿ ಬಂತು, ವಾಸನೆ ಬಂದಷ್ಟೂ ನೀರು ಚೊಕ್ಕ ಎಂದು ಹಿಗ್ಗಿ ತುಂಬಿಟ್ಟುಕೊಂಡರು, ಸೀರೆಯ ಸೆರಗು ನಾಲ್ಕು ಮಡಿಕೆ ಮಾಡಿ ಸೋಸಿದರು, ಮಧ್ಯಾಹ್ನಕ್ಕೆ ಆ ಮನೆಯಲ್ಲೊಬ್ಬರು, ಈ ಮನೆಯಲ್ಲಿಬ್ಬರು, ಸಂಜೆಗೆ ಅಪ್ಪ ಬೆನಕಪ್ಪ ಹಾಸಿಗೆ ಹಿಡಿದ, ವಾಂತಿ, ಭೇದಿ, ಕಣ್ಣು ಗುಳಿ ಬಿದ್ದವು, ನಿನ್ನೆಯ ಹಬ್ಬದೂಟದ ಎಣ್ಣೆ ಕೆಟ್ಟಿತ್ತು ಎಂದರು, ಬಿಸಿಲು ಎಂದರು, ಕಣ್ಣು ತಾಗಿದೆ ಎಂದರು, ನೀರು ಎಂದು ಯಾರ ಬಾಯಿಗೂ ಬರಲಿಲ್ಲ, ಮಾತಾಡಿಸಲು ಬಂದವರಿಗೆಲ್ಲ ಅಜ್ಜಿ ಬೆಲ್ಲ ನೀರು ಕೊಟ್ಟಳು, ಬ್ಯಾಡಬೇ ಈಗ ಎಲ್ಲಿ ಬೆಲ್ಲ ಎಂದರೂ ಬಿಡಲಿಲ್ಲ, ಮನಿಗೆ ಬಂದೋರು ಒಣ ಬಾಯಿಲೆ ಹೋದ್ರ ಬಂದ ಬ್ಯಾನಿ ಹೋಗಂಗಿಲ್ಲ, ತಗೋರಿ, ಒಂದು ಗುಟುಕು, ನಾಗೇಂದ್ರಪ್ಪನೂ ಬಂದ, ಮಧ್ಯಾಹ್ನದಿಂದ ಟೆಂಪೋಕ್ಕೆ ಮಂದಿಯನ್ನು ಎತ್ತಿ ಹಾಕಿ ಸೋತಿದ್ದ, ಎಂದಿನಂತೆ ಮನೆಯ ಕಟ್ಟೆಯ ಕೆಳಗೆ ನಿಂತು ಬೊಗಸೆ ಒಡ್ಡಿದ, ಅವನ ಕೇರಿಯವರಿಗೆ ಅಜ್ಜಿ ಹಿಂದಿನಿಂದಲೂ ಮೇಲಿನಿಂದಲೇ ನೀರು ಬಿಡುತ್ತಿದ್ದವಳು, ಕಥೆಯಲ್ಲಿ ಎಲ್ಲರಿಗೂ ಬಾವಿ ಕೊಟ್ಟವಳು ಕಟ್ಟೆಯ ಮೇಲೆ ಜಾಗ ಕೊಟ್ಟಿರಲಿಲ್ಲ, ಅವತ್ತು ಯಾಕೋ, ಆ ಸೋತ ಮುಖ ಕಂಡೋ, ಮ್ಯಾಲ ಬಾ, ಕುಂದ್ರು ಎಂದಳು, ಸ್ಟೀಲ್ ಲೋಟ ಕೈಗಿಟ್ಟಳು, ಅವನು ಲೋಟವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ನಕ್ಕ, ಏನವ್ವ, ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟ್ಯಾನ? ಸಾಯೋ ಕಾಲಕ್ಕ ಬುದ್ಧಿ ಬರ್ತೈತೋ ನಾಗೇಂದ್ರ, ಕುಡಿ — ಕುಡಿದ, ತಲೆ ಹಿಂದಕ್ಕೊಗೆದು, ಗಂಟಲ ಗಂಟು ಮೇಲೆ ಕೆಳಗೆ ಆಡಿತು, ಸುಮಲತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೋ ಒಂದು ಒಳ್ಳೆಯದು ನಡೆಯಿತು ಎಂದು ಅವಳ ಎದೆ ಅರಳಿತ್ತು. ರಾತ್ರಿಗೆ ಅಜ್ಜಿಯೂ ಮಲಗಿದಳು, ಕೂಡ್ಲಿಗಿ ಆಸ್ಪತ್ರೆಯಲ್ಲಿ ಹಾಸಿಗೆ ಸಾಲಲಿಲ್ಲ, ಊರ ಶಾಲೆಯ ಕೋಣೆಯಲ್ಲೇ ಚಾಪೆ ಹಾಸಿ ಮಲಗಿಸಿದರು, ಗೋಡೆಯ ಮೇಲೆ ಅ ಅಗಸ, ಆ ಆನೆ, ಕಿಟಕಿಯ ಸರಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿದ್ದರು, ಸಣ್ಣ ಕೊಳವೆಯಲ್ಲಿ ಹನಿ ಕೂಡುತ್ತಿತ್ತು, ತೂಗುತ್ತಿತ್ತು, ಬೀಳುತ್ತಿತ್ತು, ಅಜ್ಜಿಯ ಕೈ ಒಣಗಿದ ಬಾಳೆನಾರಿನಂತೆ, ತುಟಿ ಅಲುಗಿತು, ಆಕಿ ಕೇಳಿದಳೇನು? ಕೇಳಿದಳು ಅಜ್ಜಿ ಎಂದಳು ಸುಮಲತಾ, ಸುಳ್ಳು, ಏನಂದಿ? ಮರುಳಸಿದ್ದಿ ಅಂದೆ ಅಜ್ಜಿ — ಕೊಳವೆಯಲ್ಲಿ ಹನಿ ಕೂಡಿತು, ತೂಗಿತು, ಬೀಳಲಿಲ್ಲ, ಸುಮಲತಾ ಕಾಯ್ದಳು, ಬೀಳಲಿಲ್ಲ. ಅಪ್ಪ ಬದುಕಿದ. ಮರುದಿನ ನಾಗೇಂದ್ರಪ್ಪನೂ ಹೋದ.

ಜೀಪುಗಳು ಬಂದವು, ಕ್ಯಾಮೆರಾಗಳು ಬಂದವು, ಬಾವಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದರು, ಕುಡಿಯಬಾರದು, ಊರ ನಡುವೆ ಫಿಲ್ಟರ್ ಘಟಕ ಬಂತು, ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ, ಆ ನೀರಿಗೆ ವಾಸನೆಯೂ ಇಲ್ಲ ರುಚಿಯೂ ಇಲ್ಲ, ಹೆಸರು ಕೇಳುವವರು ಯಾರೂ ಅದರೊಳಗಿಲ್ಲ, ಬಾಣಂತಿಯರು ಗಂಗಿಪೂಜೆಯನ್ನು ಕ್ಯಾನಿಗೇ ಮಾಡತೊಡಗಿದರು, ನೀಲಿ ಪ್ಲಾಸ್ಟಿಕ್ಕಿಗೆ ಅರಿಶಿನ ಕುಂಕುಮ, ಮುಚ್ಚಳಕ್ಕೆ ಹಸಿರು ಬಳೆ, ನಗು ಬರುವಂಥದ್ದೇ, ಯಾರೂ ನಗಲಿಲ್ಲ, ಅದೊಂದು ಇರಲಿ — ಮನೆಗೆ ಬಂದದ್ದು ಬೇರೆ, ಅಜ್ಜಿ ಕೊಟ್ಟ ಬೆಲ್ಲ ನೀರನ್ನು ಊರು ಮರೆತಿಲ್ಲ, ಅಂದಿನಿಂದ ಈ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಬರುತ್ತಾರೆ, ಕೂರುತ್ತಾರೆ, ಮಾತಾಡುತ್ತಾರೆ, ಅವ್ವ ತಂಬಿಗೆ ತಂದಿಟ್ಟರೆ ಈಗರ ಕುಡದ ಬಂದ್ವಿ ನಾಗಲಿಂಗಮ್ಮ ಎನ್ನುತ್ತಾರೆ, ಬಗಲಲ್ಲಿ ತಮ್ಮದೇ ಬಾಟಲಿ, ಫಿಲ್ಟರ್ ನೀರೇ ಐತ್ರೀ ಇದು, ಗೊತ್ತೈತವ್ವ, ನೀರಡಿಕಿಲ್ಲ, ಸುಮಲತಾಳ ಮದುವೆ ಮಾತಿಗೆ ತಂಬ್ರಹಳ್ಳಿಯವರು ಬಂದು ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡದ್ದನ್ನು ಅವ್ವ ಇನ್ನೂ ಮರೆತಿಲ್ಲ, ಪ್ರವೀಣಕುಮಾರ ಒಬ್ಬನೇ ಗಟಗಟ ಕುಡಿದ, ಅದಕ್ಕೇ ಒಪ್ಪಿದ್ದು ಅವನನ್ನು, ಅವನಿಗೆ ಹೇಳಿಲ್ಲ ಇದನ್ನು. ಈ ವರ್ಷ ಚರಂಡಿಯನ್ನು ಬೇರೆ ದಾರಿಗೆ ತಿರುಗಿಸಿದರು, ಬಾವಿಯ ಕೆಸರೆತ್ತಿ ತೊಳೆದು, ನೀರನ್ನು ಬಾಟಲಿಯಲ್ಲಿ ಒಯ್ದು ನೋಡಿ, ಪಂಚಾಯ್ತಿ ಗೋಡೆಗೆ ಕಾಗದ ಅಂಟಿಸಿದರು, ಕುಡಿಯಬಹುದು, ಕೆಂಪು ಬಣ್ಣದ ಮೇಲೆ ಸುಣ್ಣ ಬಳಿದರು, ಸುಣ್ಣದೊಳಗಿಂದ ಕೆಂಪು ಇನ್ನೂ ಇಣುಕುತ್ತದೆ, ಯಾರೂ ಕುಡಿಯಲಿಲ್ಲ, ಯಾರು ಮೊದಲು ಎಂದು ಊರು ಒಬ್ಬರ ಮುಖ ಒಬ್ಬರು ನೋಡಿತು, ಆಮೇಲೆ ಎಲ್ಲರೂ ಸುಮಲತಾಳ ಹೊಟ್ಟೆ ನೋಡಿದರು, ಇವತ್ತು ಬೆಳಿಗ್ಗೆ ನೆತ್ತಿಗೆ ಎಣ್ಣೆ ಒತ್ತುತ್ತ ಅವ್ವ ಹೇಳಿದಳು, ಕ್ಯಾನ್ ಪೂಜಿ ಬ್ಯಾಡ, ಬಾವಿಗೇ ಹೋಗೂಣು, ಅವ್ವ, ಕೂಸಿಗೆ? ಒಂದು ಹನಿ ಅಲ್ಲೇನಬೇ, ಕಾಗದ ಹಚ್ಚ್ಯಾರಲ್ಲ, ಮರುಳಸಿದ್ದಮ್ಮನ ಮರಿಮಗಳು ಕುಡದ್ಲು ಅಂದ್ರ ನಮ್ಮ ಮನಿ ನೀರಿಗೆ ಬಂದ ಕೆಟ್ಟ ಹೆಸರು ಹೋಗ್ತೈತಿ, ನನಗ ಸಾಕಾಗೈತಿ ಸುಮಾ, ತಂಬಿಗಿ ಇಟ್ಟು ಇಟ್ಟು ಹಂಗ ಒಳಗ ಒಯ್ಯೋದು ಸಾಕಾಗೈತಿ — ಎಣ್ಣೆಯ ಕೈ ನೆತ್ತಿಯ ಮೇಲೆ ನಿಂತಿತು, ಸುಮಲತಾ ಕೂಸನ್ನು ಎತ್ತಿಕೊಂಡು ಸೆರಗು ಹೊದಿಸಿದಳು.

ಬಾವಿಯ ಕಟ್ಟೆ ತೊಳೆದಿದ್ದಾರೆ, ಜಾಳಿಗೆ ಸರಿಸಿದ್ದಾರೆ, ಐದು ಕಲ್ಲಿಗೆ ಸುಣ್ಣ ಅರಿಶಿನ, ಹಸಿರು ಬಳೆ, ಎಲೆ ಅಡಿಕೆ, ಗುಗ್ಗರಿಯ ಬಿಸಿ ವಾಸನೆ, ಓಣಿಯ ಹೆಂಗಸರೆಲ್ಲ ಬಂದು ಸುತ್ತ ನಿಂತಿದ್ದಾರೆ, ಒಬ್ಬೊಬ್ಬರ ಬಗಲಲ್ಲೂ ಬಾಟಲಿ, ಬಿಸಿಲಿಗೆ ಮಿನುಗುತ್ತಿವೆ, ಬಾಳ ಚೆಂದ ಕಾಣ್ತಾಳ ಬಾಣಂತಿ, ದೃಷ್ಟಿ ತಗೀ ನಾಗಲಿಂಗಮ್ಮ, ನಗು, ಆದರೆ ಕಣ್ಣುಗಳು ಕೂಸಿನ ಬಾಯಿಯ ಮೇಲೆ, ಎಲ್ಲ ಕಣ್ಣುಗಳೂ, ಅವರಾಚೆ ಬೇವಿನ ನೆರಳಿನಲ್ಲಿ, ಗುಂಪಿಗೆ ಸೇರದೆ, ಬಸಲಿಂಗಮ್ಮ ನಿಂತಿದ್ದಾಳೆ, ನಾಗೇಂದ್ರಪ್ಪನ ಹೆಂಡತಿ, ಮೂರು ವರ್ಷದಿಂದ ಈ ಮನೆಯವರ ಮುಖ ಕಂಡರೆ ಓಣಿ ಬದಲಿಸುವವಳು, ಕೈಯಲ್ಲಿ ಬಾಟಲಿಯಿಲ್ಲ, ಯಾಕೆ ಬಂದಳೋ. ಅವ್ವ ಹಗ್ಗ ಹಿಡಿದಳು, ಸುಮಲತಾ ಬಗ್ಗಿದಳು, ತಂಪು ಮುಖಕ್ಕೆ ಬಂತು, ಹಳೆಯ ತಂಪು, ಹಾವಸೆ, ಕಲ್ಲು, ಪರಕಾರದ ದಿನಗಳು, ಕೆಳಗೆ ಒಂದು ಬೆಳ್ಳನೆಯ ಬಿಲ್ಲೆ, ಅದರಲ್ಲಿ ಬಟ್ಟೆ ಕಟ್ಟಿದ ತಲೆಯೊಂದು, ಕೇಳೇ, ಕೇಳು, ಯಾರವ್ವಾ ಅನ್ನು, ನಾನು ಸುಮಾ, ಇದು ನನ್ನ ಮಗಳು, ಇನ್ನೂ ಹೆಸರಿಟ್ಟಿಲ್ಲ, ಇದಕ್ಕೆ ಏನೆಂದು ಹೇಳಲಿ ನಿನಗೆ, ಕೇಳಿಸುತ್ತಿಲ್ಲ, ಬಟ್ಟೆ, ಈ ಬಟ್ಟೆ — ಕಿವಿಯ ಗಂಟು ಎಳೆದು ಬಿಚ್ಚಿದಳು, ಅಯ್ಯ ಅಯ್ಯ ಗಾಳಿ ಹೊಗ್ತೈತಿ ಎಂದು ಅವ್ವ ಕೂಗಿದಳು, ಲೋಕವೆಲ್ಲ ಒಮ್ಮೆಲೇ ಕಿವಿಗೆ ನುಗ್ಗಿತು, ಕೋಳಿ, ಬಳೆ, ಉಸಿರು, ಬಾವಿ ಮಾತ್ರ ಸುಮ್ಮನಿತ್ತು, ಕೊಡ ಇಳಿಯಿತು, ಗುಳುಗುಳು ಎಂದಿತೋ ಇಲ್ಲವೋ, ಮೇಲೆ ಬಂತು, ನೀರು ತಿಳಿ, ಎಷ್ಟು ತಿಳಿ, ಅವತ್ತಿನದೂ ತಿಳಿಯಾಗಿಯೇ ಇತ್ತಲ್ಲ, ಅವ್ವ ವೀಳ್ಯದೆಲೆ ಅದ್ದಿ ಕೈಗಿಟ್ಟಳು, ಕೂಸು ಹಸಿದಿತ್ತು, ಬೆರಳು ಬಂದರೂ ಎಲೆ ಬಂದರೂ ಅದಕ್ಕೆ ಒಂದೇ, ಬಾಯಿ ತೆರೆಯಿತು, ನಾಲಿಗೆ ಚಾಚಿತು, ಆಡಿನ ಮರಿ ಹಂಗ, ಯಾರೋ ನಕ್ಕರು, ನಗು ಅಲ್ಲೇ ಕತ್ತರಿಸಿಹೋಯಿತು, ಎಲೆಯ ತುದಿಯಲ್ಲಿ ಹನಿ ಕೂಡಿತು, ತೂಗಿತು, ಕಾಗದ ಹಚ್ಚಿದ್ದಾರೆ, ಚೊಕ್ಕ ಇರಬಹುದು, ಚೊಕ್ಕವೇ ಇರಬೇಕು, ಆದರೆ ಊರಿಗೆ ಗೊತ್ತಾಗಬೇಕಾದದ್ದು ಈ ಬಾಯಿಂದಲೇ ಯಾಕೆ, ಇನ್ನೂ ಹೆಸರಿಲ್ಲದ ಈ ಬಾಯಿಂದ, ಗೋಡೆಗೆ ಅಂಟಿಸುವ ಇನ್ನೊಂದು ಕಾಗದವೇ ಇದು — ಇಲ್ಲ. ಎಲೆ ಪಕ್ಕಕ್ಕೆ ಸರಿಯಿತು. ಆಕಿ ಕೇಳಲಿಲ್ಲವ್ವ, ಎಂದಳು, ಜೋರಾಗಿಯೇ ಎಂದಿರಬೇಕು, ಮಂದಿ ನೋಡಾಕ ಹತ್ತೈತಿ ಸುಮಾ, ಬಿಡು, ಒಂದು ಹನಿ ಎಂದು ಅವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು, ಅವ್ವನ ಕಣ್ಣು ತುಂಬಿತ್ತು, ಬಾಟಲಿಗಳು ಒಂದೊಂದೇ ಬಗಲಿನಲ್ಲಿ ಬಿಗಿಯಾದವು, ಯಾರೋ ಹಿಂದೆ ತಿರುಗಿದರು, ಮುಗಿಯಿತು, ಇನ್ನು ಈ ಮನೆಯ ತಂಬಿಗೆ ಎಂದೆಂದಿಗೂ ಒಳಗೇ, ಬೇವಿನ ನೆರಳು ಅಲುಗಿತು, ಕಟ್ಟೆಯ ಕಲ್ಲಿನ ಮೇಲೆ ಹೆಜ್ಜೆ, ಎಂದೂ ಆ ಕಲ್ಲು ಹತ್ತದ ಹೆಜ್ಜೆ, ಬಿಸಿಲು ಕಣ್ಣಿಗೆ ಹೊಡೆದು ಮುಖ ಕಾಣಲಿಲ್ಲ, ಬರೀ ಒಂದು ನೆರಳು ನೀರಿನ ಮೇಲೆ ಬಿತ್ತು, ಯಾರವ್ವಾ? ಎಂದು ಕೇಳಿದ್ದು ಯಾರು, ಬಾವಿಯಲ್ಲ, ತಾನೇ, ತನ್ನ ಬಾಯೇ, ನಾನವ್ವ, ಬಸಲಿಂಗಿ, ನೀರಡಿಕಿ ಆಗೈತಿ, ಕೂಸಿಗೆ ಬ್ಯಾಡ, ನನಗ ಹಾಕು. ಗುಂಪು ಸರಿದು ದಾರಿ ಬಿಟ್ಟಿತು, ಅವಳು ಬೊಗಸೆ ಒಡ್ಡಲಿಲ್ಲ, ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತಳು, ತಲೆ ಹಿಂದಕ್ಕೊಗೆದಳು, ಅಂದು ಲೋಟ ಹಿಡಿದ ಗಂಡನಂತೆಯೇ, ಹಲ್ಲುದುರಿದ ಬಾಯಿ ತೆರೆದಳು, ನಾಲಿಗೆ ಚಾಚಿದಳು, ಸುಮಲತಾಳ ಕೈ ಅವಳ ಮುಖದ ಮೇಲೆ ಬಂತು, ಎಲೆ ಬಾಗಿತು, ಹಸಿರು ತುದಿ, ತುದಿಯಲ್ಲಿ ಹನಿ, ಹನಿಯಲ್ಲಿ ದುಂಡಗೆ ಆಕಾಶ, ತೂಗುತ್ತದೆ, ತೂಗುತ್ತದೆ, ಹನಿ —